ಈರಪ್ಪ ಕಾಕಾ ಅಳೆದ ಆರ್ದ್ರಾ

ಮೊನ್ನೆ ಜಮಖಂಡಿಯಿಂದ ಬನಹಟ್ಟಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರಿಗೆ ಆಧಾರ್ ಕಾರ್ಡ್ ತೋರಿಸಲೆಂದು ಚೀಲಕ್ಕೆ ಕೈ ಹಾಕಿದವಳು, ಕಾರ್ಡಿನ ಬದಲು ಬೆರಳುದ್ದದ ಒಂದು ಕೆಂಪು ನೂಲನ್ನು ಹೊರಗೆಳೆದು ಅವನ ಮುಂದೆ ಹಿಡಿದೆ. ಕಂಡಕ್ಟರು ಒಮ್ಮೆ ನೂಲನ್ನು, ಒಮ್ಮೆ ನನ್ನನ್ನು ನೋಡಿದ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು ಇದು ಯಾವ ದೇವರ ದಾರ ಎಂದು ಭಕ್ತಿಯಿಂದ ಕೇಳಿದಳು. ದೇವರದಲ್ಲ, ನಕ್ಷತ್ರದ್ದು ಎಂದಿದ್ದರೆ ಇಡೀ ಬಸ್ಸು ತಿರುಗಿ ನೋಡುತ್ತಿತ್ತು. ಹೂಂ ಎಂದು ಗೊಣಗಿ ಕಾರ್ಡು ಹುಡುಕತೊಡಗಿದೆ. ನನ್ನ ಚೀಲದ ಬಗ್ಗೆ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಅಭಿಪ್ರಾಯವಿದೆ. ಅದರಲ್ಲಿ ಸೀಮೆಸುಣ್ಣದ ತುಂಡು, ಅರ್ಧ ಮುಗಿದ ಮಾತ್ರೆಯ ಪಟ್ಟಿ, ಯಾವುದೋ ಪರೀಕ್ಷೆಯ ಹಾಜರಿ ಚೀಟಿ, ಎಲ್ಲವೂ ಸಿಗುತ್ತವೆ. ಬೇಕಾದದ್ದು ಮಾತ್ರ ಮುಂದಿನ ಸ್ಟಾಪಿನವರೆಗೆ ಸಿಗುವುದಿಲ್ಲ.

ಕಾರ್ಡು ಸಿಕ್ಕಿತು, ಚೀಟಿ ಹರಿದು ಕೊಟ್ಟ, ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳತೊಡಗಿತು. ನಾನು ಮಾತ್ರ ಆ ನೂಲನ್ನು ಬೆರಳಿಗೆ ಸುತ್ತಿಕೊಂಡು ರಬಕವಿಯ ಒಂದು ಮಾಳಿಗೆಯ ಮೇಲೆ ಹೋಗಿ ಕುಳಿತುಬಿಟ್ಟಿದ್ದೆ.

ಆ ಮಾಳಿಗೆಗೆ ನಿಮ್ಮನ್ನು ಕರೆದೊಯ್ಯುವ ಮೊದಲು ನನ್ನ ಅಜ್ಞಾನದ ಪರಿಚಯ ಮಾಡಿಕೊಡಬೇಕು. ಅದು ಸಣ್ಣದೇನಲ್ಲ. ನಾನು ಜಮಖಂಡಿಯ ಪುರೋಹಿತರ ಮನೆಯ ಹುಡುಗಿ. ನಮ್ಮಲ್ಲಿ ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಬೈಗುಳಗಳನ್ನು ಮಾತ್ರ ಎರಡೂ ಭಾಷೆಗಳಿಂದ ಆರಿಸಿಕೊಳ್ಳುತ್ತಿದ್ದೆವು. ಅಜ್ಜನಿಗೆ ನಾವು ಆಜೋಬಾ ಎನ್ನುತ್ತಿದ್ದೆವು. ಅವರ ತಲೆಯ ಮೇಲಿನ ಗೂಟಕ್ಕೆ ಪಂಚಾಂಗ ತೂಗುತ್ತಿತ್ತು. ಸಾವಳಗಿಯಿಂದ, ತುಬಚಿಯಿಂದ ಜನ ಮುಹೂರ್ತ ಕೇಳಲು ಬಂದು ಪಡಸಾಲೆಯಲ್ಲಿ ಕೂರುತ್ತಿದ್ದರು. ಹೀಗಾಗಿ ಆರನೆಯ ವಯಸ್ಸಿಗೇ ನಾನು ಅಶ್ವಿನಿಯಿಂದ ರೇವತಿಯವರೆಗೆ ಇಪ್ಪತ್ತೇಳು ನಕ್ಷತ್ರಗಳನ್ನು ಒಂದೇ ಉಸಿರಿನಲ್ಲಿ ಹೇಳಿ, ಬಂದವರ ಕೈಯಿಂದ ಬೆಲ್ಲದ ಚೂರು ಗಿಟ್ಟಿಸುತ್ತಿದ್ದೆ. ನನ್ನ ಜನ್ಮನಕ್ಷತ್ರ ಆರ್ದ್ರಾ. ಆರ್ದ್ರಾ ಎಂದರೆ ಒದ್ದೆ. ವರ್ಷವಿಡೀ ಮೂಗು ಸೋರುತ್ತಿದ್ದ ನನಗೆ ಔಷಧ ಕೊಡಿಸೋಣ ಎಂದು ಅವ್ವ ಹೇಳಿದಾಗಲೆಲ್ಲ ಆಜಿ, "ಔಷಧ ಏನ್ ಮಾಡ್ತದ? ಅಕಿ ನಕ್ಷತ್ರನ ಹಂಗದ," ಎಂದು ಸೀರೆಯ ಸೆರಗಿನಿಂದ ನನ್ನ ಮೂಗು ಒರೆಸುತ್ತಿದ್ದಳು. ಅಷ್ಟೊಂದು ದೂಷಣೆಗೆ ಗುರಿಯಾದ ಆ ನಕ್ಷತ್ರ ಆಕಾಶದಲ್ಲಿ ಎಲ್ಲಿದೆ ಎಂದು ಮನೆಯಲ್ಲಿ ಯಾರೂ ತೋರಿಸಲಿಲ್ಲ. ನಾನೂ ಕೇಳಲಿಲ್ಲ. ಆಜೋಬಾಗೂ ತಿಳಿದಿತ್ತೋ ಇಲ್ಲವೋ. ಪಂಚಾಂಗದಲ್ಲಿ ಇತ್ತಲ್ಲ, ಸಾಕು.

ಮುಂದೆ ಧಾರವಾಡದಲ್ಲಿ ಭೌತಶಾಸ್ತ್ರ ಓದಿದೆ. ಖಗೋಳ ಭೌತಶಾಸ್ತ್ರದ ಪತ್ರಿಕೆಯಲ್ಲಿ ಒಳ್ಳೆಯ ಅಂಕ ಬಂತು. ಬನಹಟ್ಟಿಯ ಒಂದು ಹೆಣ್ಣುಮಕ್ಕಳ ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ನಕ್ಷತ್ರದ ಕಾಂತಿಮಾನ ಎಂದರೇನು, ಅದರ ಅಂಕಿ ಹೆಚ್ಚಾದಷ್ಟೂ ನಕ್ಷತ್ರ ಯಾಕೆ ಮಂಕು, ಕೆಂಪು ದೈತ್ಯ ಎಂದರೇನು, ಬೆಳಕು ಏರಿಳಿಯುವ ನಕ್ಷತ್ರಗಳು ಯಾವುವು, ಇವನ್ನೆಲ್ಲ ಹನ್ನೊಂದು ವರ್ಷ ಕರಿಹಲಗೆಯ ಮೇಲೆ ಕಲಿಸಿದೆ. ಉದಾಹರಣೆ ಕೊಡುವಾಗ ಪ್ರತಿ ವರ್ಷ ಆರ್ದ್ರಾದ ಹೆಸರನ್ನೇ ಹೇಳುತ್ತಿದ್ದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು. ಅವರಲ್ಲಿ ಒಬ್ಬಳಾದರೂ ಎದ್ದು ನಿಂತು ನೀವು ಅದನ್ನು ನೋಡಿದ್ದೀರಾ ಎಂದು ಕೇಳಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಆ ದಿನಗಳಲ್ಲಿ ನಾನು ರಬಕವಿಯಲ್ಲಿ ಈರಪ್ಪ ಕಾಕಾ ಅವರ ಮನೆಯ ಮೇಲಿನ ಖೋಲಿಯಲ್ಲಿ ಬಾಡಿಗೆಗೆ ಇದ್ದೆ. ಕಾಕಾ ಬಣ್ಣಗಾರರು. ನೂಲಿನ ಲಡಿಗಳನ್ನು ಭಟ್ಟಿಯ ಬಿಸಿನೀರಿನ ಬಣ್ಣದಲ್ಲಿ ಅದ್ದಿ, ಹಿಂಡಿ, ಒಣಗಿಸಿ ನೇಕಾರರಿಗೆ ಕೊಡುವುದು ಅವರ ಮನೆತನದ ಕಸುಬು. ಅರವತ್ತು ದಾಟಿದ್ದರೂ ಬೆಳಿಗ್ಗೆ ಆರಕ್ಕೆ ಭಟ್ಟಿಯ ಮುಂದೆ ನಿಂತಿರುತ್ತಿದ್ದರು. ಮೊಣಕೈವರೆಗೆ ಯಾವಾಗಲೂ ಒಂದು ಬಣ್ಣ. ಅವರ ಕೈ ನೋಡಿ ಆ ವಾರ ಪೇಟೆಯಲ್ಲಿ ಯಾವ ಸೀರೆ ಓಡುತ್ತಿದೆ ಎಂದು ಹೇಳಬಹುದಾಗಿತ್ತು. ಒಮ್ಮೆ ಮದುವೆಯೊಂದಕ್ಕೆ ಹೊರಟಿದ್ದ ನಾನು ಸೀರೆಗೆ ಸರಿಹೊಂದುವ ಕುಪ್ಪಸದ ಬಟ್ಟೆ ಸಿಕ್ಕಿತೆಂದು ಹೆಮ್ಮೆಯಿಂದ ಅವರಿಗೆ ತೋರಿಸಿದೆ. ಅವರು ಎರಡನ್ನೂ ಅಂಗಳದ ಬಿಸಿಲಿಗೆ ಒಯ್ದು ಒಂದು ಕ್ಷಣ ನೋಡಿ ಮರಳಿ ಕೊಟ್ಟರು. ಸೀರೆಯಲ್ಲಿ ಸ್ವಲ್ಪ ಹಳದಿ ಬೆರೆತಿದೆ, ಬಟ್ಟೆಯಲ್ಲಿ ಇಲ್ಲ ಎಂದರು. ನನಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಮದುವೆಯಲ್ಲಿ ತೆಗೆದ ಫೋಟೋದಲ್ಲಿ ಮಾತ್ರ ಇಡೀ ಊರಿಗೆ ಕಾಣುವಷ್ಟು ಕಂಡಿತು.

ಅವರ ಹೆಂಡತಿ ಕಾಶವ್ವ ಕಾಕು. ತವರು ತುಬಚಿ, ಹೊಲ ಮನೆಯವರು. ಮಾತು ಕಡಿಮೆ, ಆಡಿದರೆ ಎದುರಿಗಿದ್ದವರಿಗೆ ಉತ್ತರ ಇರುತ್ತಿರಲಿಲ್ಲ.

ಕೊರೋನಾ ಬರುವ ಮುಂಚಿನ ಚಳಿಗಾಲ ನೆನಪಿದೆಯಲ್ಲ? ಆಗ ಡಿಸೆಂಬರ್ ಕೊನೆಯಲ್ಲಿ ಒಂದು ಸಂಜೆ ಫೋನಿನಲ್ಲಿ ಸುದ್ದಿ ಓದಿದೆ. ಆರ್ದ್ರಾ ನಕ್ಷತ್ರ ಹಿಂದೆಂದೂ ದಾಖಲಾಗದಷ್ಟು ಮಂಕಾಗುತ್ತಿದೆಯಂತೆ, ಜಗತ್ತಿನ ಖಗೋಳ ವಿಜ್ಞಾನಿಗಳೆಲ್ಲ ಅದರ ಕಡೆ ಕಣ್ಣು ನೆಟ್ಟಿದ್ದಾರಂತೆ, ಸಿಡಿದುಹೋದೀತೇ ಎಂಬ ಮಾತೂ ಇದೆಯಂತೆ. ನನ್ನ ಜನ್ಮನಕ್ಷತ್ರ! ಚಪ್ಪಲಿಯನ್ನೂ ಮೆಟ್ಟದೆ ಮಾಳಿಗೆಗೆ ಓಡಿದೆ. ಮೇಲೆ ನಿಂತ ಮೇಲೆ ತಿಳಿಯಿತು, ಎಲ್ಲಿ ನೋಡಬೇಕೆಂದೇ ನನಗೆ ಗೊತ್ತಿಲ್ಲ.

ಏಳೂವರೆ ಆಗಿರಬೇಕು. ಸುತ್ತಲ ಓಣಿಗಳಿಂದ ಪಾವರ್‌ಲೂಮಿನ ಸದ್ದು ಬರುತ್ತಿತ್ತು. ಕಾಕಾ ಮತ್ತು ಕಾಕು ಒಣಗಿದ ಲಡಿಗಳನ್ನು ಬಿದಿರಿನ ಗಳಗಳಿಂದ ತೆಗೆಯುತ್ತಿದ್ದರು. ನಾನು ಫೋನನ್ನು ಮೇಲೆತ್ತಿ ಅತ್ತಿತ್ತ ತಿರುಗುವುದನ್ನು ನೋಡಿ, ರೇಂಜ್ ಸಿಗುತ್ತಿಲ್ಲವೇನೋ ಎಂದು ಕಾಕಾ ವಿಚಾರಿಸಿದರು. ನಾನು ಸಂಗತಿ ಹೇಳಿದೆ. ಆರಿದ್ರ ಮಳೆ ಅವರಿಗೆ ಗೊತ್ತಿತ್ತು, ನಕ್ಷತ್ರ ಗೊತ್ತಿರಲಿಲ್ಲ. ಪುಸ್ತಕದಲ್ಲಿ ಓದಿದ್ದು ನೆನಪಿಸಿಕೊಂಡು, ಒಂದೇ ಸಾಲಿನಲ್ಲಿ ಮೂರು ಚುಕ್ಕಿಗಳಿರುತ್ತವೆ, ಅದರ ಹತ್ತಿರ ಎಂದೆ. ಕಾಕು ಕೈಯಲ್ಲಿದ್ದ ಲಡಿಯನ್ನೂ ಇಳಿಸದೆ ಗದ್ದದಿಂದಲೇ ಪೂರ್ವಕ್ಕೆ ತೋರಿಸಿದರು.

"ಅಲ್ಲೈತಲ್ರಿ ಕೂರಿಗಿ ಚಿಕ್ಕಿ. ನಮ್ಮ ತವರಿನ್ಯಾಗ ಸಣ್ಣ ಹುಡುಗೂರಿಗೂ ಗೊತ್ತೈತಿ."

ಹೀಗೆ ಬಿತ್ತುವ ಕೂರಿಗೆಯಂತೆ ಸಾಲಾಗಿದ್ದ ಆ ಮೂರು ಚುಕ್ಕಿಗಳಿಂದ ಭೌತಶಾಸ್ತ್ರದ ಉಪನ್ಯಾಸಕಿಗೆ ಮೃಗಶಿರದ ಬೇಟೆಗಾರನ, ಪುಸ್ತಕದ ಓರಾಯನ್‌ನ, ಪರಿಚಯವಾಯಿತು. ಸಾಲಿನ ಎಡಕ್ಕೆ ಕೆಂಪಗೆ ಇದ್ದದ್ದು ಆರ್ದ್ರಾ. ಮೇಲೆ ಬಲಗಡೆ, ಬೇಟೆಗಾರನ ಇನ್ನೊಂದು ಭುಜದಲ್ಲಿ ಬೆಳ್ಳಗಿನ ಒಂದು ನಕ್ಷತ್ರ. ಇನ್ನೂ ಮೇಲೆ ರೋಹಿಣಿ. ಸಾಮಾನ್ಯವಾಗಿ ಈ ಮೂರರಲ್ಲಿ ಆರ್ದ್ರಾ ಎಲ್ಲಕ್ಕಿಂತ ಪ್ರಕಾಶಮಾನ ಎಂದು ಫೋನು ಹೇಳುತ್ತಿತ್ತು. ಅಂದು ಅದು ರೋಹಿಣಿಗಿಂತ ಸ್ಪಷ್ಟವಾಗಿ ಮಂಕಾಗಿತ್ತು. ಹಾಗೆಂದು ಕಾಕಾ ಹೇಳಿದರು. ನನಗೆ ಮೂರೂ ಒಂದೇ ಥರ ಮಿಣುಕುತ್ತಿದ್ದವು.

ರೋಹಿಣಿಯ ಕಾಂತಿಮಾನ ಸುಮಾರು ೦.೯, ಭುಜದ ಬಿಳಿ ನಕ್ಷತ್ರದ್ದು ೧.೬. ನಡುವೆ ಏಳು ಪಾಲು ಮಾಡಿಕೊಂಡರೆ ಆರ್ದ್ರಾ ಎಷ್ಟನೆಯ ಪಾಲಿನಲ್ಲಿ ಕೂರುತ್ತದೆ ಎಂದು ಸುಮ್ಮನೆ ಕೇಳಿದೆ. ಕಾಕಾ ಒಂದು ಕಡೆ ನೋಡಿ ಮುಖ ತಿರುಗಿಸಿದರು, ಇನ್ನೊಂದು ಕಡೆ ನೋಡಿ ಮತ್ತೆ ತಿರುಗಿಸಿದರು. ಬಣ್ಣ ನೋಡುವಾಗಲೂ ಅವರು ಹೀಗೇ ಮಾಡುತ್ತಿದ್ದರು. ಯಾಕೆ ನೆಟ್ಟ ನೋಟದಲ್ಲಿ ನೋಡುವುದಿಲ್ಲ ಎಂದೆ.

"ಕೆಂಪ ಬಣ್ಣ ಭಾಳೊತ್ತು ನೋಡಬಾರದ್ರಿ ಅಕ್ಕೋರ. ನೋಡಿದಷ್ಟೂ ಜಾಸ್ತಿ ಆಕ್ಕೋಂತ ಹೊಕ್ಕೈತಿ. ನೋಡಬೇಕು, ಬಿಡಬೇಕು."

ಆ ರಾತ್ರಿ ಊಟವಾದ ಮೇಲೆ ನಕ್ಷತ್ರ ವೀಕ್ಷಕರಿಗೆಂದು ಬರೆದ ಒಂದು ಕೈಪಿಡಿಯನ್ನು ಫೋನಿನಲ್ಲಿ ತೆರೆದೆ. ಕೆಂಪು ನಕ್ಷತ್ರವನ್ನು ದಿಟ್ಟಿಸಿದರೆ ಅದು ಇದ್ದದ್ದಕ್ಕಿಂತ ಪ್ರಕಾಶವಾಗಿ ಕಾಣುತ್ತದೆ, ಆದ್ದರಿಂದ ಚಿಕ್ಕ ಚಿಕ್ಕ ನೋಟದಲ್ಲಿ ಹೋಲಿಸಿ ಎಂದು ಅದರಲ್ಲಿ ಇತ್ತು. ಒಂದು ಪ್ರಖರ ನಕ್ಷತ್ರ, ಒಂದು ಮಂಕು ನಕ್ಷತ್ರ, ನಡುವೆ ಪಾಲು ಮಾಡುವ ವಿಧಾನವೂ ಇತ್ತು. ಬರಿಗಣ್ಣಿನವರು ವರದಿ ಮಾಡಿದ ಅಂಕಿಗಳನ್ನು ನೂರಕ್ಕೂ ಹೆಚ್ಚು ವರ್ಷಗಳಿಂದ ಜೋಡಿಸಿಟ್ಟ ಕಡತಗಳಿವೆ, ದೂರದರ್ಶಕ ಇಲ್ಲದವರ ಕಣ್ಣಿಗೂ ವಿಜ್ಞಾನದಲ್ಲಿ ಜಾಗವಿದೆ ಎಂದೂ ಬರೆದಿತ್ತು. ಮರುದಿನ ಅಂಥ ಅಂಕಿಗಳನ್ನು ಸಂಗ್ರಹಿಸುವ ಒಂದು ಹೊರದೇಶದ ಸಂಸ್ಥೆಯಲ್ಲಿ ಕಾಕಾ ಅವರ ಹೆಸರಿನಲ್ಲೇ ವೀಕ್ಷಕರ ಖಾತೆ ತೆರೆದೆ. ಉದ್ಯೋಗ ಎಂಬಲ್ಲಿ ಬಣ್ಣ ಹಾಕುವವರು ಎಂದು ಬರೆದೆ. ಕಾಕಾ ನನಗೆ ಹೋಲಿಸಿ ನೋಡುವ ಪಾಠ ಹೇಳಲೆಂದು ಮೂರು ಹದದ ಕೆಂಪು ನೂಲುಗಳನ್ನು ಕೊಟ್ಟು, ನಡುವಿನದನ್ನು ಗುರುತಿಸಿ ಎಂದರು. ಬಸ್ಸಿನಲ್ಲಿ ಸಿಕ್ಕ ನೂಲು ಅದರಲ್ಲಿ ಒಂದು. ಯಾವುದು ಎಂದು ಕೇಳಬೇಡಿ, ಇವತ್ತಿಗೂ ಹೇಳಲಾರೆ.

ಅಂದಿನಿಂದ ಪ್ರತಿ ಸಂಜೆ ಏಳೂವರೆಗೆ ಕಾಕಾ ಮಾಳಿಗೆಗೆ ಬಂದು ಹತ್ತು ನಿಮಿಷ ಸುಮ್ಮನೆ ಕುಳಿತು ಕಣ್ಣನ್ನು ಕತ್ತಲೆಗೆ ಒಗ್ಗಿಸಿಕೊಳ್ಳುತ್ತಿದ್ದರು. ನಂತರ ಅಂಕಿ ಹೇಳುತ್ತಿದ್ದರು, ನಾನು ಫೋನಿಗೆ ಹಾಕುತ್ತಿದ್ದೆ. ಬಣ್ಣದ ಅಳತೆಗಳನ್ನು ಬರೆದಿಡುವ ಅವರ ದಪ್ಪ ವಹಿಯ ಹಿಂಬದಿಯ ಹಾಳೆಗಳಲ್ಲಿ ತಾವೂ ಬರೆದುಕೊಳ್ಳುತ್ತಿದ್ದರು. ಮೋಡ ಇದ್ದ ದಿನ ಮೋಡ ಎಂದು ಬರೆಯುತ್ತಿದ್ದರು. ನೆಗಡಿ ಇದ್ದ ದಿನ ನೆಗಡಿ ಎಂದು. ನೆಗಡಿಯ ವಿಷಯದಲ್ಲಿ ಆರ್ದ್ರಾ ನಕ್ಷತ್ರದ ಹಕ್ಕುದಾರಳು ನಾನೆಂದು ಹೇಳಿ ಅವರನ್ನು ನಗಿಸಿದೆ.

ಜನವರಿ ಮುಗಿಯುವ ಹೊತ್ತಿಗೆ ಜಗತ್ತಿನ ಬೇರೆ ವೀಕ್ಷಕರೆಲ್ಲ ೧.೫ ಎನ್ನತೊಡಗಿದ್ದರು. ಅಂದರೆ ಆರ್ದ್ರಾ ಹೆಚ್ಚುಕಡಿಮೆ ಭುಜದ ಬಿಳಿ ನಕ್ಷತ್ರದಷ್ಟೇ ಮಂಕು. ಕಾಕಾ ಮಾತ್ರ ೧.೨ ಎಂದರು. ಮರುದಿನವೂ ೧.೨. ಅದರ ಮರುದಿನವೂ ಅದೇ. ಮೂರನೆಯ ದಿನ ನಾನು ಒಂದು ಕೆಲಸ ಮಾಡಿದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಅವರು ಹೇಳಿದ ೧.೨ ಅನ್ನು ೧.೫ ಎಂದು ಹಾಕಿದೆ. ಪಾಪ, ಹಿರಿಯರು, ಹೊರದೇಶದ ವಿದ್ವಾಂಸರ ಎದುರು ನಗೆಪಾಟಲಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಖಾತೆ ತೆರೆದವಳು ನಾನು, ನಗೆಪಾಟಲಾಗಬಾರದೆಂಬ ಚಿಂತೆ ನನ್ನದೇ ಆಗಿತ್ತು. ಪ್ರಯೋಗಶಾಲೆಯಲ್ಲಿ ಪಕ್ಕದವರ ಅಂಕಿ ನೋಡಿ ತಮ್ಮದನ್ನು ತಿದ್ದುವ ವಿದ್ಯಾರ್ಥಿನಿಯರನ್ನು ಹನ್ನೊಂದು ವರ್ಷ ಗದರಿಸಿದವಳು ನಾನು.

ನಾಲ್ಕು ದಿನ ಹಾಗೇ ತಿದ್ದಿದೆ. ಐದನೆಯ ದಿನ ಕಾಕಾ ತಮ್ಮ ಅಂಕಿಗಳನ್ನು ನೋಡಬೇಕೆಂದರು. ಎಲ್ಲ ವೀಕ್ಷಕರ ಅಂಕಿಗಳನ್ನು ಚುಕ್ಕಿಗಳಾಗಿ ತೋರಿಸುವ ಫೋನಿನ ನಕ್ಷೆಯಲ್ಲಿ ಅವರ ಚುಕ್ಕಿಗಳಷ್ಟೇ ಬೇರೆ ಬಣ್ಣದಲ್ಲಿ ಕಾಣುವಂತೆ ಮಾಡಿ ಕೊಟ್ಟೆ. ವಹಿಯ ಮೇಲೆ ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿದರು. ನಾಲ್ಕು ಚುಕ್ಕಿಗಳ ಹತ್ತಿರ ಬೆರಳು ನಿಂತಿತು. ಸಿಟ್ಟು ಮಾಡಲಿಲ್ಲ. ಭಟ್ಟಿಯಲ್ಲಿ ಕೂಡ ಅವರು ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ.

"ಇದು ನಾ ಹೇಳಿದ್ದಲ್ರಿ," ಎಂದರು.

ನಾನು ಉಳಿದವರೆಲ್ಲ ೧.೫ ಎಂದಿದ್ದಾರೆ ಎಂದು ತಡವರಿಸಿದೆ.

"ಉಳದಾವ್ರು ಕಂಡಿದ್ದು ಬರ್ಯಾಕ ಅವರು ಅದಾರ್ರಿ. ನಾ ಕಂಡಿದ್ದು ಬರ್ಯಾಕ ನಾ ಒಬ್ಬನ ಅದೀನಿ."

ಅವರ ಎದುರಿಗೇ ನಾಲ್ಕೂ ಅಂಕಿಗಳನ್ನು ಮರಳಿ ತಿದ್ದಿದೆ. ಕ್ಷಮೆ ಕೇಳಿದೆ. ಅವರು ತಲೆಯಾಡಿಸಿ ಕೆಳಗಿಳಿದರು. ಆಮೇಲೆ ಮೂರು ಸಂಜೆ ಮಾಳಿಗೆಗೆ ಬರಲಿಲ್ಲ. ನನ್ನ ಮೇಲಿನ ಬೇಸರಕ್ಕೇ ಬರುತ್ತಿಲ್ಲ ಎಂದು ಅಂದುಕೊಂಡು ಆ ಮೂರು ದಿನ ನಾನು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಬೇರೆ ಮನೆ ಹುಡುಕಬೇಕೇ ಎಂದೂ ಯೋಚಿಸಿದೆ.

ನಾಲ್ಕನೆಯ ಸಂಜೆ ಬಂದರು, ಜೊತೆಗೆ ಕಾಕು. ಕಾಕಾ ಬಲಗಣ್ಣಿನ ಮೇಲೆ ಅಂಗೈ ಇಟ್ಟುಕೊಂಡು ಆಕಾಶ ನೋಡಿದರು. ಆಮೇಲೆ ಎಡಗಣ್ಣಿನ ಮೇಲೆ. ಹಾಗೇ ನಾಲ್ಕೈದು ಸಲ. ನಂತರ ನನ್ನ ಕಡೆ ತಿರುಗಿ, ಎಡಗಣ್ಣು ೧.೫ ಎನ್ನುತ್ತದೆ, ಬಲಗಣ್ಣು ೧.೨ ಎನ್ನುತ್ತದೆ ಎಂದರು. ಮೂರು ದಿನ ಹಿತ್ತಲಲ್ಲಿ ನಿಂತು ಅದನ್ನೇ ಪರೀಕ್ಷಿಸಿದ್ದರಂತೆ. ಬೇರೆಯವರೂ ತಪ್ಪು ಹೇಳುತ್ತಿಲ್ಲ, ತಾವೂ ಸುಳ್ಳು ಹೇಳುತ್ತಿಲ್ಲ, ಹಾಗಾದರೆ ನಡುವೆ ಏನೋ ಇರಬೇಕು ಎಂದು ಅವರೇ ತರ್ಕ ಮಾಡಿದ್ದರು.

ಅಂದೇ ಇನ್ನೊಂದು ಸಂಗತಿಯೂ ಹೊರಬಿತ್ತು. ದೀಪಾವಳಿಯಿಂದೀಚೆಗೆ ಕಾಕಾಗೆ ನೀಲಿ ಕೈಕೊಡುತ್ತಿತ್ತು. ನೀಲಿ ಯಾವುದು, ಹಸಿರು ಬೆರೆತ ನೀಲಿ ಯಾವುದು ಎಂದು ಥಟ್ಟನೆ ತಿಳಿಯುತ್ತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಹೇಳುವುದು ಹೇಗೆ? ಬಣ್ಣಗಾರನ ಕಣ್ಣು ಮಂಜಾಯಿತು ಎಂಬ ಮಾತು ರಬಕವಿಯ ಒಂದು ಓಣಿಯಲ್ಲಿ ಬಿದ್ದರೆ ಸಂಜೆಯೊಳಗೆ ಬನಹಟ್ಟಿ ಮುಟ್ಟುತ್ತದೆ. ಕಸುಬು ಮುಗಿದಂತೆ. ಆದರೆ ಕಾಕುಗೆ ಅವರಿಗಿಂತ ಮೊದಲೇ ಗೊತ್ತಾಗಿತ್ತು. ನೀಲಿ ಲಡಿ ಭಟ್ಟಿಗೆ ಬಿದ್ದ ದಿನ ಏನಾದರೊಂದು ನೆವ ಮಾಡಿ ಅಲ್ಲಿಗೆ ಬಂದು, ಸಾಕು ಎಂದೋ ಇನ್ನೊಂದು ಸಲ ಅದ್ದಿ ಎಂದೋ ಹೇಳಿ ಹೋಗುತ್ತಿದ್ದರು. ಗಂಡನಿಗೆ ಸಹಾಯ ಎನ್ನಿಸದ ಹಾಗೆ ಅಷ್ಟು ದಿನ ನಡೆಸಿದ್ದರು. ಅಂದು ಮಾಳಿಗೆಯ ಮೇಲೆ ಇಬ್ಬರೂ ತಮ್ಮ ತಮ್ಮ ಗುಟ್ಟನ್ನು ಇನ್ನೊಬ್ಬರ ಎದುರು ಹೇಳಿಕೊಂಡರು. ನಾನು ಏನು ಮಾಡಬೇಕೆಂದು ತಿಳಿಯದೆ ಲಡಿಗಳನ್ನು ಎಣಿಸಿದೆ.

ಜಮಖಂಡಿಯ ಕಣ್ಣಿನ ಡಾಕ್ಟರಮ್ಮನ ಹತ್ತಿರ ನಾನೇ ಕರೆದುಕೊಂಡು ಹೋದೆ. ಪೊರೆ ಬಂದಿದೆ, ಬಲಗಣ್ಣಿನಲ್ಲಿ ಹೆಚ್ಚು ಎಂದರು. ವಯಸ್ಸಾದ ಹಾಗೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಹಳದಿ ಗಾಜಿನಂತೆ ನೀಲಿಯನ್ನು ತಡೆದು ಕೆಂಪನ್ನು ಒಳಗೆ ಬಿಡುತ್ತದೆ ಎಂದು ವಿವರಿಸಿದರು. ನನಗೆ ಎಲ್ಲವೂ ಥಟ್ಟನೆ ಹೊಳೆಯಿತು. ಭುಜದ ನಕ್ಷತ್ರ ನೀಲಿ ಬೆರೆತ ಬಿಳಿ, ಅದು ಕಾಕಾ ಕಣ್ಣಿಗೆ ಮಂಕಾಗಿತ್ತು. ಕೆಂಪು ಆರ್ದ್ರಾ ಅದರ ಮುಂದೆ ಹೆಚ್ಚು ಹೊಳೆದಿತ್ತು. ಎಷ್ಟು ದಿನದಿಂದ ಮಬ್ಬು ಎಂದು ಡಾಕ್ಟರು ಕೇಳಿದಾಗ ಕಾಕಾ, ಮಬ್ಬು ಇಲ್ಲ, ಎರಡು ಕಣ್ಣಿಗೆ ಮೂರು ಪಾಲು ಫರಕು ಇದೆ ಎಂದು ಉತ್ತರಿಸಿದರು. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ತಲೆಯೆತ್ತಿದರು. ಕಣ್ಣು ಮಸುಕು ಎಂದು ಬರುವವರನ್ನು ದಿನಾ ನೋಡುತ್ತೇನೆ, ಅಳತೆ ಹಿಡಿದು ಬಂದವರು ಇವರೊಬ್ಬರೇ ಎಂದರು.

ಮುಂದಿನ ವಾರವೇ ಶಸ್ತ್ರಚಿಕಿತ್ಸೆ ಮಾಡಬಹುದು ಎಂದಾಗ ನಾವೆಲ್ಲ ಹಗುರಾದೆವು. ಕಾಕಾ ಒಪ್ಪಲಿಲ್ಲ. ಎರಡು ವಾರ ಬೇಕು ಎಂದರು. ಯಾಕೆಂದರೆ ಡಿಸೆಂಬರಿನಿಂದ ತಾವು ಕೊಟ್ಟ ಅಂಕಿಗಳು ಹೊರದೇಶದ ಕಡತದಲ್ಲಿ ಕೂತಿವೆ. ಅವುಗಳಲ್ಲಿ ಎಷ್ಟು ನಕ್ಷತ್ರದ್ದು, ಎಷ್ಟು ತಮ್ಮ ಪೊರೆಯದು ಎಂದು ಹೇಳಬೇಕಾದರೆ ಎರಡು ಕಣ್ಣುಗಳಿಂದಲೂ ಬೇರೆ ಬೇರೆ ನೋಡಿ ಹತ್ತು ಹನ್ನೆರಡು ಸಂಜೆಯ ಲೆಕ್ಕ ಸಿಗಬೇಕು. ಒಮ್ಮೆ ಪೊರೆ ತೆಗೆದ ಮೇಲೆ ಆ ಹಳೆಯ ಕಣ್ಣು ಎಲ್ಲಿಂದ ತರುವುದು?

ಧಾರವಾಡದಲ್ಲಿ ನಾನು ಎರಡು ವರ್ಷ ಕಲಿತದ್ದು, ಹನ್ನೊಂದು ವರ್ಷ ಕಲಿಸಿದ್ದು, ಉಪಕರಣದ ದೋಷವನ್ನು ಅಳೆಯದೆ ಅಳತೆಗೆ ಬೆಲೆಯಿಲ್ಲ ಎಂಬ ಆ ಒಂದು ಮಾತನ್ನು ಈ ಮನುಷ್ಯ ಯಾವ ತರಗತಿಯಲ್ಲೂ ಕೂರದೆ ತಮ್ಮ ಕಣ್ಣಿನ ಮೇಲೇ ಪ್ರಯೋಗಿಸುತ್ತಿದ್ದರು. ಆದರೆ ಕಾಕು ಬಿಡುವವರಲ್ಲ. ಆ ನಕ್ಷತ್ರದ ಬೆಳಕು ಇಲ್ಲಿಗೆ ಬರಲು ಎಷ್ಟು ದಿನ ಬೇಕು ಎಂದು ನನ್ನನ್ನು ಕೇಳಿದರು. ಐನೂರು ವರ್ಷಕ್ಕೂ ಹೆಚ್ಚು ಎಂದೆ. ಗಂಡನ ಕಡೆ ತಿರುಗಿದರು.

"ಅಲ್ಲಿ ಆಗಿದ್ದು ಐನೂರು ವರ್ಷದ ಹಿಂದ. ನಿಮ್ಮ ಕಣ್ಣ ಹೋಗೂದು ಈ ವರ್ಷ."

ಆದರೂ ಕಾಕಾಗೆ ಎರಡು ವಾರ ಸಿಕ್ಕಿತು, ಡಾಕ್ಟರು ಅಷ್ಟರಿಂದ ಅಪಾಯವಿಲ್ಲ ಎಂದದ್ದಕ್ಕೆ. ಪ್ರತಿ ಸಂಜೆ ವಹಿಯಲ್ಲಿ ಎರಡು ಸಾಲು ಬಿದ್ದವು, ಎಡ ಮತ್ತು ಬಲ. ಫೆಬ್ರುವರಿ ನಡುವೆ ಆರ್ದ್ರಾ ಅತ್ಯಂತ ಮಂಕಾದ ದಿನಗಳಲ್ಲಿ ಕಾಕಾ ಅದನ್ನು ನೋಡುತ್ತಿದ್ದದ್ದು ಹೀಗೆ, ಮಾಳಿಗೆಯ ಮೇಲೆ, ಒಂದು ಕಣ್ಣು ಮುಚ್ಚಿಕೊಂಡು. ಮುಗಿದ ಮೇಲೆ ಆ ಸಂಸ್ಥೆಗೆ ಒಂದು ಪತ್ರ ಬರೆಯೋಣ ಎಂದರು. ಅವರು ಹೇಳುತ್ತ ಹೋದರು, ನಾನು ಇಂಗ್ಲಿಷಿನಲ್ಲಿ ಬರೆಯುತ್ತ ಹೋದೆ. ಇಂತಿಂಥ ಅಂಕಿಗಳು ಪೊರೆ ಬಂದ ಕಣ್ಣಿನವು, ಫರಕು ಇಷ್ಟು, ತೆಗೆದುಹಾಕಬೇಕೆಂದರೆ ತೆಗೆಯಿರಿ. ಕೊನೆಯಲ್ಲಿ ನಾನು ನನ್ನದೂ ಒಂದು ಸಾಲು ಸೇರಿಸಿದೆ. ನಾಲ್ಕು ದಿನ ಅಂಕಿಗಳನ್ನು ತಿದ್ದಿದ್ದೆ, ಆಮೇಲೆ ಸರಿಪಡಿಸಿದೆ, ತಪ್ಪು ವೀಕ್ಷಕರದಲ್ಲ, ಅವುಗಳನ್ನು ನಮೂದಿಸಿದವಳದು. ಆ ಸಾಲನ್ನು ಕಾಕಾಗೆ ಓದಿ ಹೇಳಿದಾಗ ಅವರು ಕಾಕುವನ್ನು ಕರೆದು ನನಗೆ ಚಹಾ ಮಾಡಿಸಿದರು. ವಾರದೊಳಗೆ ಉತ್ತರ ಬಂತು. ಯಾವ ಅಂಕಿಯನ್ನೂ ತೆಗೆಯುವುದಿಲ್ಲ, ಟಿಪ್ಪಣಿಯೊಂದಿಗೆ ಉಳಿಸುತ್ತೇವೆ, ಇಂಥ ಟಿಪ್ಪಣಿ ನಮಗೆ ಅಪರೂಪಕ್ಕೆ ಸಿಗುತ್ತದೆ ಎಂದು ವಂದಿಸಿದ್ದರು.

ಮಾರ್ಚ್ ಮೊದಲ ವಾರ ಜಮಖಂಡಿಯಲ್ಲಿ ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಅದಾಗಿ ಎರಡು ವಾರ ಕಳೆಯುತ್ತಲೇ ಕೊರೋನಾಕ್ಕೆ ಊರೆಲ್ಲ ಬಾಗಿಲು ಹಾಕಿತು. ಇನ್ನೆರಡು ವಾರ ಕೇಳಿದ್ದರೆ ಏನಾಗುತ್ತಿತ್ತು ಎಂದು ಕಾಕು ಈಗಲೂ ನೆನಪಿಸುತ್ತಾರೆ, ಅದೂ ಊಟಕ್ಕೆ ಬಡಿಸುವಾಗ, ಕಾಕಾ ಎದ್ದು ಹೋಗಲಾಗದ ಹೊತ್ತು ನೋಡಿ.

ಪಟ್ಟಿ ಬಿಚ್ಚಿ, ಔಷಧದ ದಿನಗಳು ಮುಗಿದು, ಮೊದಲ ಸಲ ಮಾಳಿಗೆ ಹತ್ತಿದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಮಗ್ಗಗಳು ನಿಂತಿದ್ದವು. ರಬಕವಿಯಲ್ಲಿ ಅಂಥ ಮೌನವನ್ನು ನಾನು ಕೇಳಿರಲಿಲ್ಲ. ಅಕ್ಕಪಕ್ಕದ ಮನೆಗಳಲ್ಲಿ ಮುಂದೇನು ಎಂಬ ಚಿಂತೆ ಇತ್ತು, ನಮ್ಮಲ್ಲೂ ಇತ್ತು. ಆಕಾಶ ಮಾತ್ರ ತೊಳೆದಿಟ್ಟಂತೆ ಇತ್ತು. ಬೇಟೆಗಾರ ಪಶ್ಚಿಮಕ್ಕೆ ವಾಲಿದ್ದ. ಆರ್ದ್ರಾ ಮತ್ತೆ ಬೆಳಗತೊಡಗಿತ್ತು. ಕಾಕಾ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು, ಆಮೇಲೆ ತಲೆಯೆತ್ತಿದರು. ನಾನು ಫೋನು ಹಿಡಿದು ಆರ್ದ್ರಾದ ಅಂಕಿಗಾಗಿ ಕಾದೆ. ಅವರು ಆರ್ದ್ರಾ ನೋಡುತ್ತಿರಲೇ ಇಲ್ಲ. ಭುಜದ ಆ ನಕ್ಷತ್ರವನ್ನೇ ನೋಡುತ್ತಿದ್ದರು, ನೋಡಿ ಬಿಡಬೇಕೆಂಬ ತಮ್ಮ ನಿಯಮವನ್ನೂ ಮರೆತು.

"ಇದು ಬಿಳೀ ಅಲ್ರಿ," ಎಂದರು. "ನೀಲಿ ಐತಿ. ಇಂಥಾ ನೀಲಿ ನಾ ಒಮ್ಮಿನೂ ಮಾಡಿಲ್ಲ."

ಕಾಕು ಪಕ್ಕದಲ್ಲಿ ನಿಂತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡರು. ಬೆವರು ಎಂದು ಹೇಳಿದರು.

ಆ ಬಿಡುವಿನ ದಿನಗಳಲ್ಲಿ ಕಾಕಾ ಇನ್ನೊಂದು ಕೆಲಸ ಮುಗಿಸಿದರು. ದೀಪಾವಳಿಯಿಂದ ತಮ್ಮ ಹತ್ತಿರ ನೀಲಿ ಹಾಕಿಸಿಕೊಂಡ ನೇಕಾರರಿಗೆಲ್ಲ ಒಬ್ಬೊಬ್ಬರಿಗೂ ಫೋನ್ ಮಾಡಿ, ಆಗ ನನ್ನ ಕಣ್ಣು ಸರಿ ಇರಲಿಲ್ಲ, ನೂಲು ಉಳಿದಿದ್ದರೆ ತನ್ನಿ, ಮತ್ತೆ ಹಾಕಿಕೊಡುತ್ತೇನೆ ಎಂದರು. ಅದನ್ನು ಕೇಳಿ ಯಾರೂ ದೂರ ಹೋಗಲಿಲ್ಲ. ಒಬ್ಬರು ಹಿರಿಯ ನೇಕಾರರು ಮಾತ್ರ, ಅದು ಈ ವರ್ಷದ ಹೊಸ ಫ್ಯಾಶನ್ ಎಂದು ತಿಳಿದು ಹಾಗೇ ನೇಯ್ದೆ, ಗಿರಾಕಿಗಳು ಮತ್ತೆ ಅದನ್ನೇ ಕೇಳುತ್ತಿದ್ದಾರೆ, ಇನ್ನು ಎಲ್ಲಿಂದ ತರಲಿ ಎಂದು ಗೊಣಗಿದರಂತೆ.

ಆ ನಕ್ಷತ್ರ ಯಾಕೆ ಮಂಕಾಗಿತ್ತು ಎಂಬುದು ಆಮೇಲೆ ತಿಳಿಯಿತು. ಅದು ತನ್ನ ಮೈಯಿಂದಲೇ ಅನಿಲದ ದೊಡ್ಡ ಉಂಡೆಯೊಂದನ್ನು ಹೊರಚೆಲ್ಲಿತ್ತು, ಅದು ತಣಿದು ಧೂಳಾಗಿ ನಮಗೂ ಅದಕ್ಕೂ ನಡುವೆ ಅಡ್ಡ ನಿಂತಿತ್ತು. ದೊಡ್ಡ ದೂರದರ್ಶಕಗಳು ಅದರ ಮುಖದ ಅರ್ಧ ಕಪ್ಪಾದ ಚಿತ್ರ ತೆಗೆದಿದ್ದವು. ಚಿತ್ರವನ್ನು ಕಾಕಾಗೆ ತೋರಿಸಿ, ನಿಮ್ಮಿಬ್ಬರಿಗೂ ಒಂದೇ ಚಳಿಗಾಲದಲ್ಲಿ ಪೊರೆ ಬಂದಿತ್ತು ನೋಡಿ ಎಂದು ಕವಿತ್ವ ತೋರಲು ಹೋದೆ. ಅವರು ಒಪ್ಪಲಿಲ್ಲ. ಅದರ ಧೂಳು ತಾನೇ ಸರಿಯಿತು, ತಮ್ಮದಕ್ಕೆ ಡಾಕ್ಟರು ಬೇಕಾಯಿತು ಎಂದರು.

ಈಗ ನಾನು ಜಮಖಂಡಿಯಿಂದಲೇ ಓಡಾಡುತ್ತೇನೆ. ತರಗತಿಯಲ್ಲಿ ಆ ಚಳಿಗಾಲದ ನಕ್ಷೆ ತೋರಿಸುತ್ತೇನೆ. ಸಾವಿರಾರು ಚುಕ್ಕಿಗಳು ಸೇರಿ ಒಂದು ಕಣಿವೆಯಂತೆ ಇಳಿದು ಮತ್ತೆ ಏರುತ್ತವೆ. ಕಣಿವೆಯ ಒಂದು ಕಡೆ ಕೆಲವು ಚುಕ್ಕಿಗಳು ಗುಂಪಿನಿಂದ ಸ್ವಲ್ಪ ಮೇಲೆ ನಿಂತಿವೆ. ಇವು ತಪ್ಪಲ್ಲವೇ, ಅಳಿಸಬೇಕಲ್ಲವೇ ಎಂದು ಪ್ರತಿ ವರ್ಷ ಒಬ್ಬಳಾದರೂ ಕೇಳುತ್ತಾಳೆ. ಆ ದಿನ ಕಾಕಾ ಕಣ್ಣಿನ ಕಥೆ ಹೇಳುತ್ತೇನೆ, ಪಾಠ ಮುಂದೆ ಸಾಗುವುದಿಲ್ಲ. ಸಂಜೆ ಅವರನ್ನು ಮೈದಾನದಲ್ಲಿ ನಿಲ್ಲಿಸಿ ಕೂರಿಗಿ ಚಿಕ್ಕಿ ತೋರಿಸುತ್ತೇನೆ.

ಕಾಕಾ ಇನ್ನೂ ಅಂಕಿ ಕಳಿಸುತ್ತಾರೆ, ಈಗ ತಾವೇ ಫೋನಿನಲ್ಲಿ. ಎಡಗಣ್ಣಿನ ಪೊರೆಯನ್ನೂ ತೆಗೆಸಿಕೊಂಡಿದ್ದಾರೆ. ಭಟ್ಟಿಯ ಕೆಲಸ ಮುಗಿದ ಮೇಲೆ ಒಂದು ಸಣ್ಣ ಪಾತ್ರೆಯಲ್ಲಿ ಆ ಭುಜದ ನಕ್ಷತ್ರದ ನೀಲಿಯನ್ನು ಹಿಡಿಯಲು ನೋಡುತ್ತಾರೆ. ಪ್ರತಿ ಚಳಿಗಾಲ ಒಂದು ಹೊಸ ಹದ. ಒಂದು ಸೀರೆಗೆ ಸಾಲುವಷ್ಟು ನೂಲು ಅದ್ದಿ, ನೇಯಿಸಿ, ರಾತ್ರಿ ಆಕಾಶ ನೋಡಿ, ಇದೂ ಅಲ್ಲ ಎಂದು ಕಾಕುಗೆ ಕೊಟ್ಟುಬಿಡುತ್ತಾರೆ. ಕಳೆದ ದೀಪಾವಳಿಗೆ ಹೋದಾಗ ಕಾಕು ಅಂಥ ಒಂದು ಸೀರೆ ಉಟ್ಟಿದ್ದರು. ನನ್ನ ಕಣ್ಣಿಗೆ ಅದಕ್ಕಿಂತ ಚೆಂದದ ನೀಲಿ ಇಲ್ಲ ಎನ್ನಿಸಿತು. ಕಾಕಾಗೆ ಇನ್ನೂ ಆ ಬಣ್ಣ ಸಿಗಲಿಲ್ಲವೇ ಎಂದು ಮೆಲ್ಲಗೆ ಕೇಳಿದೆ.

"ಇಲ್ಲಂತ್ರಿ," ಎಂದರು ಕಾಕು, ನೆರಿಗೆ ಸರಿಮಾಡಿಕೊಳ್ಳುತ್ತ. "ಇದು ನಾಕನೇದು. ಸಿಗೂದ ಬ್ಯಾಡ ಅಂತ ದೇವರಿಗೆ ಬೇಡಕೊಂಡೀನಿ."